ಹೊಸ ಲ್ಯಾಪ್‌ಟಾಪಿನ ಹಳೆಯ ಬಿಡಾರದವರು

"ಏನಮ್ಮಾ, ನಮ್ಮ ರಕ್ಷಣೆ ನಿನ್ನೆ ರಾತ್ರಿಗೆ ಮುಗಿಯಿತಂತೆ!"

ಹಜಾರದಿಂದ ಅಪ್ಪ ಹೀಗೆ ಕೂಗಿದಾಗ ನಾನು ಒಲೆಯ ಮುಂದಿದ್ದೆ. ಓಡಿಹೋಗಿ ನೋಡುವಷ್ಟರಲ್ಲಿ ಇತ್ತ ಹಾಲು ಉಕ್ಕಿತು. ಇದನ್ನು ಬರೆಯುತ್ತಿರುವಾಗಲೂ ಬರ್ನರು ನೀರಿನಲ್ಲಿ ನೆನೆಯುತ್ತಿದೆ. ಮುಗಿದದ್ದು ದೇಶದ ರಕ್ಷಣೆಯಲ್ಲ, ಲ್ಯಾಪ್‌ಟಾಪಿನ ಜೊತೆಗೆ ಬಂದಿದ್ದ ಆಂಟಿವೈರಸ್ಸಿನ 30 ದಿನಗಳ ಪುಕ್ಕಟೆ ಸೇವೆ.

ನಾನು ಅದನ್ನು ಕೇಳಿರಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ಗಣಪತಿಯನ್ನು ನೆನೆದು ಹೊಸ ಲ್ಯಾಪ್‌ಟಾಪಿನ ಮುಚ್ಚಳ ತೆರೆದರೆ ಒಳಗೆ ಆಗಲೇ ಹನ್ನೊಂದು ಮಂದಿ ಬಿಡಾರ ಹೂಡಿದ್ದರು. ಒಬ್ಬ ಕಾವಲುಗಾರ, ಮೂರು ಆಟಗಳು, ಒಂದು ಅಂಗಡಿ, ಫೋಟೊ ತಿದ್ದುವವನೊಬ್ಬ, ಇವರೆಲ್ಲ ಕ್ಷೇಮವೇ ಎಂದು ಆಗಾಗ ವಿಚಾರಿಸುವ ಸಹಾಯಕನೊಬ್ಬ. ಉಳಿದವರ ಕಸುಬು ಏನೆಂದು ಇಂದಿಗೂ ತಿಳಿದಿಲ್ಲ. ಮುಂಗಡ ಕೊಟ್ಟು ಬೀಗದ ಕೈ ಪಡೆದ ಬಾಡಿಗೆ ಮನೆಯಲ್ಲಿ ಮಾಲೀಕನ ಷಡ್ಡಕ ಮಂಚದ ಮೇಲೆ ಕುಳಿತು "ಕಾಫಿಗೆ ಸಕ್ಕರೆ ಕಡಿಮೆ ಹಾಕಿ" ಎಂದ ಹಾಗಾಯಿತು.

ಅಂಗಡಿಯ ಹುಡುಗ ಮಾತ್ರ "ಎಲ್ಲಾ ಫ್ರೀ ಮೇಡಂ" ಎಂದು ಹಲ್ಲು ಕಿರಿದಿದ್ದ. ಫ್ರೀ ಹೌದು, ಆದರೆ ನಮಗಲ್ಲ. ಇವರನ್ನು ಒಳಗೆ ಕೂರಿಸಿದ್ದಕ್ಕೆ ತಂತ್ರಾಂಶದ ಕಂಪನಿಗಳು ಲ್ಯಾಪ್‌ಟಾಪ್ ತಯಾರಕರಿಗೆ ಹಣ ಕೊಡುತ್ತವೆ. 2008ರಲ್ಲಿ ಅಮೆರಿಕದಲ್ಲಿ ಸೋನಿ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇವೆಲ್ಲ ಇಲ್ಲದ ಲ್ಯಾಪ್‌ಟಾಪ್ ಬೇಕಾದರೆ ಸುಮಾರು 50 ಡಾಲರ್ ಹೆಚ್ಚಿಗೆ ಕೊಡಿ ಎಂದಿತ್ತು. ಜನ ಉಗಿದ ಮೇಲೆ ಆ ಶುಲ್ಕವನ್ನು ಕೈಬಿಟ್ಟಿತು. ಕಸ ಸುರಿಯಲು ಒಬ್ಬರಿಂದ, ಗುಡಿಸಲು ಇನ್ನೊಬ್ಬರಿಂದ ಕಾಸು ಪಡೆಯುವ ಈ ಉಪಾಯ ನಮ್ಮ ಬೀದಿಯ ಯಾರಿಗೂ ಹೊಳೆದಿಲ್ಲವೆಂಬುದೇ ಸಮಾಧಾನ.

ನಾನಾದರೆ ಪರದೆಯ ಮೂಲೆಯಲ್ಲಿ ಹಾರುವ ಚೀಟಿಗಳನ್ನು ನೊಣ ಓಡಿಸಿದ ಹಾಗೆ ಓಡಿಸುತ್ತೇನೆ. ಅಪ್ಪನಿಗೆ ಅದು ಸಾಧ್ಯವಿಲ್ಲ. ಮೂವತ್ತೈದು ವರ್ಷ ಅಂಚೆ ಇಲಾಖೆಯಲ್ಲಿದ್ದವರು. ಬಂದ ಕಾಗದಕ್ಕೆ ಉತ್ತರ ಬರೆಯದಿರುವುದು ಅವರ ಪ್ರಕಾರ ಮಹಾಪಾಪ. ಬೆಳಿಗ್ಗೆ ಪತ್ರಿಕೆ ಓದಲೆಂದು ಲ್ಯಾಪ್‌ಟಾಪಿನ ಮುಂದೆ ಕುಳಿತವರು ಚೀಟಿ ಹಾರಿದ ಕೂಡಲೇ ಕನ್ನಡಕ ಬದಲಾಯಿಸಿ, ಮೊದಲಿನಿಂದ ಕೊನೆಯವರೆಗೆ ಓದಿ, ದಿನಾಂಕ ಸಹಿತ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. "ಮೂರು ಅಪಾಯಗಳಿವೆಯಂತೆ. ಯಾವ ಮೂರು ಎಂದು ಹೇಳಿಲ್ಲ" ಎಂದು ನನ್ನನ್ನೇ ತಪ್ಪಿತಸ್ಥಳಂತೆ ನೋಡುತ್ತಾರೆ. ಚೀಟಿಯಲ್ಲಿ ಇರುವುದು ಎರಡೇ ಗುಂಡಿ: "ಈಗಲೇ ಕೊಳ್ಳಿ", "ಆಮೇಲೆ ನೆನಪಿಸಿ". ಬೇಡ ಎನ್ನಲು ಗುಂಡಿಯಿಲ್ಲ. ಅಪ್ಪ ದಾಕ್ಷಿಣ್ಯದಿಂದ "ಆಮೇಲೆ ನೆನಪಿಸಿ" ಒತ್ತುತ್ತಾರೆ. ಅದು ಮಾತಿಗೆ ತಪ್ಪದೆ ನೆನಪಿಸುತ್ತದೆ.

ಹಾಲು ಉಕ್ಕಿದ ಸಿಟ್ಟಿನಲ್ಲೇ ಆ ಆಂಟಿವೈರಸ್ಸನ್ನು ತೆಗೆದು ಹಾಕಲು ಕುಳಿತೆ. "ನಿಜವಾಗಿಯೂ ಹೋಗುತ್ತೀರಾ?" ಎಂದಿತು. ಹೋಗಬೇಕಾದದ್ದು ಅದು, ನಾನಲ್ಲ! ದಪ್ಪ ಹಸಿರು ಗುಂಡಿಯಲ್ಲಿ "ರಕ್ಷಣೆ ಉಳಿಸಿಕೊಳ್ಳುತ್ತೇನೆ", ಅದರ ಕೆಳಗೆ ಇರುವೆ ಸಾಲಿನಂಥ ಬೂದು ಅಕ್ಷರಗಳಲ್ಲಿ "ಅಪಾಯವನ್ನು ಒಪ್ಪಿ ಮುಂದುವರಿಯುತ್ತೇನೆ". ಅಪ್ಪ ನನ್ನ ಕೈ ಹಿಡಿದರು. "ಹಾಗೆಲ್ಲ ಒಪ್ಪಿಗೆ ಬರೆದುಕೊಡಬಾರದು." ವಿಂಡೋಸಿನಲ್ಲೇ ಡಿಫೆಂಡರ್ ಎಂಬ ಕಾವಲುಗಾರನಿದ್ದಾನೆ, ಹೊರಗಿನವನು ಬಂದಾಗ ಪಕ್ಕಕ್ಕೆ ಸರಿದು ಕೂರುತ್ತಾನೆ, ಅವನು ಹೋದರೆ ತಾನೇ ಎದ್ದು ನಿಲ್ಲುತ್ತಾನೆ ಎಂದು ವಿವರಿಸಿದೆ. "ಹಾಗಾದರೆ ಇವನನ್ನು ಕರೆದವರು ಯಾರು?" ಎಂದರು. ಮೂವತ್ತು ದಿನಗಳಿಂದ ನಾನು ಕೇಳುತ್ತಿರುವುದೂ ಅದನ್ನೇ.

ಗುಂಡಿ ಒತ್ತಿದೆ. ಅರ್ಧ ಬೆಲೆಗೆ ಕೊಡುತ್ತೇನೆ ಎಂದಿತು. ಮತ್ತೆ ಒತ್ತಿದೆ. ಅದಕ್ಕಿಂತಲೂ ಕಡಿಮೆಗೆ ಇಳಿಯಿತು. "ಪಾಪ, ಇಷ್ಟೊಂದು ಕೇಳಿಕೊಳ್ಳುತ್ತಿದ್ದಾನಲ್ಲ" ಎಂದು ಅಪ್ಪ ಮೆತ್ತಗಾದರು. ಕೊನೆಗೆ "ನಮ್ಮನ್ನು ಬಿಟ್ಟುಹೋಗಲು ಕಾರಣವೇನು?" ಎಂಬ ಖಾಲಿ ಚೌಕ ಬಂತು. ನಾನು ಮುಚ್ಚುವ ಮೊದಲೇ ಅಪ್ಪ ಕುರ್ಚಿ ಎಳೆದುಕೊಂಡು, ಒಂದೇ ಬೆರಳಿನಲ್ಲಿ, ಕಚೇರಿಯ ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ಕುಟ್ಟಿದರು. ತಾತ್ಪರ್ಯ ಇಷ್ಟು: ಮಾನ್ಯರೇ, ತಮ್ಮ ಸೇವೆಯಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ. ಮಗಳ ಒತ್ತಾಯದ ಮೇರೆಗೆ ಈ ಕ್ರಮ ಕೈಗೊಳ್ಳಲಾಗಿದೆ.

ಆಮೇಲೆ ಕಾಫಿ ಕುಡಿಯುತ್ತ ಅಪ್ಪ ಹಳೆಯ ರೇಡಿಯೊದ ಮಾತೆತ್ತಿದರು. ಆಗ ಅದಕ್ಕೂ ಲೈಸೆನ್ಸ್ ಇತ್ತು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಬೇಕಿತ್ತು. "ಕಟ್ಟಿದ ಮೇಲೆ ರೇಡಿಯೊ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ" ಎಂದರು. ಗುಂಡಿ ತಿರುಗಿಸಿದರೆ ಪ್ರದೇಶ ಸಮಾಚಾರ ಬರುತ್ತಿತ್ತು. ಅಮ್ಮ ಅಡುಗೆಮನೆಯಿಂದ "ಸ್ವಲ್ಪ ಜೋರು ಮಾಡಿ" ಎನ್ನುತ್ತಿದ್ದಳು. ಈಗ ಹಾಗೆ ಹೇಳಲು ಅವಳೂ ಇಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಸಂಜೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಡೈರಿ ತೆರೆದೇ ಇತ್ತು. ಆ ದಿನದ ಪುಟದಲ್ಲಿ ಅಪ್ಪನ ದುಂಡು ಅಕ್ಷರ: "ಕಾವಲುಗಾರರಿಗೆ ಬೆಳಿಗ್ಗೆ 9.40ಕ್ಕೆ ಉತ್ತರಿಸಲಾಗಿದೆ. ಸಹಾಯಕರಿಂದ ವಾರಂಟಿ ವಿಸ್ತರಣೆ ಕುರಿತು ಪತ್ರ ಬಂದಿದೆ. ಉತ್ತರ ಬಾಕಿ."