ಒಲೆಗೊಂದು ಕಿಟಕಿ

ಗಾಜಿನ ಅಂಗಡಿಯವನು ಚೀಟಿಯಲ್ಲಿದ್ದ ಅಳತೆ ನೋಡಿ, “ಫೋಟೋಗೋ ಕಿಟಕಿಗೋ ಸಾರ್?” ಎಂದು ಕೇಳಿದ. “ಒಲೆಗೆ” ಎಂದೆ. ಅವನು ಚೀಟಿಯನ್ನು ಬಿಟ್ಟು ನನ್ನನ್ನು ಅಳೆಯತೊಡಗಿದ.

ತಪ್ಪು ನನ್ನದಲ್ಲ, ಸ್ಕಾಟ್ಲೆಂಡಿನದು. ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ನಡುಮನೆಯಲ್ಲೇ ಕಬ್ಬಿಣದ ಸೌದೆ ಒಲೆ ಇತ್ತು, ಅದಕ್ಕೆ ಗಾಜಿನ ಬಾಗಿಲು. ಒಳಗೆ ಬೆಂಕಿ ಭರತನಾಟ್ಯ ಮಾಡುತ್ತಿತ್ತು. ಹೊಗೆಯಿಲ್ಲ, ಕಿಡಿಯಿಲ್ಲ, ಕಣ್ಣುರಿಯಿಲ್ಲ. ಅದರ ಮೇಲೆ ಒಂದು ಲೋಟ ಕಾಫಿಯನ್ನೂ ಯಾರೂ ಕಾಯಿಸುವುದಿಲ್ಲ ಎಂಬುದು ಬೇರೆ ಮಾತು. ಆ ದೇಶದ ಕೋಟೆ ಕೆರೆಗಳನ್ನೆಲ್ಲ ಹೆಂಡತಿ ನೋಡಿಬಂದಳು, ನಾನು ಒಲೆ ನೋಡಿಕೊಂಡು ಕುಳಿತಿದ್ದೆ.

ಸರಸ್ವತಿಪುರಂನ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ಇನ್ನೂ ತಾಮ್ರದ ಹಂಡೆ ಇದೆ. ಮಾಳಿಗೆಯ ಮೇಲೆ ಸೋಲಾರ್ ಇದ್ದರೂ ಧನುರ್ಮಾಸದಲ್ಲಿ ಅಮ್ಮನಿಗೆ ಹಂಡೆ ನೀರೇ ಆಗಬೇಕು. ಆ ಒಲೆಯ ಬಾಯಿಗೆ ಗಾಜಿನ ಬಾಗಿಲು ಹಾಕಿಸುತ್ತೇನೆ ಎಂದಾಗ ಅಮ್ಮ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು: “ಐವತ್ತು ವರ್ಷ ಊದುಕೊಳವೆ ಹಿಡಿದು ನೋಡಿದ ಬೆಂಕಿ ಸಾಲದೇನೋ? ಈಗ ಕಿಟಕಿ ಇಟ್ಟುಕೊಂಡು ಬೇರೆ ನೋಡಬೇಕೆ?”

ಅಮ್ಮನದು ಮದ್ದೂರಿನ ಕಡೆಯ ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಅವರ ತವರಿಗೆ ಬಂದ ದಿನವನ್ನು ಇಂದಿಗೂ ಮದುವೆ ದಿಬ್ಬಣದಂತೆ ವರ್ಣಿಸುತ್ತಾರೆ. ಮೂರು ಪಾತ್ರೆಗೆ ಒಂದೇ ಉರಿ, ಹೊಗೆಗೆ ಚಿಮಣಿಯ ದಾರಿ. ಬೆಂಕಿಯಿಂದ ದೂರ ಸರಿಯುವುದೇ ಅವರ ಕಾಲದ ಹೆಂಗಸರಿಗೆ ಪ್ರಗತಿ. ಮಗ ಹತ್ತಿರ ಹೋಗಲು ದುಡ್ಡು ಕೊಡುತ್ತಿದ್ದ.

ಬಂಬೂ ಬಜಾರಿನ ಕಡೆ ವೆಲ್ಡಿಂಗ್ ಮಾಡಿಸಿದ ಚೌಕಟ್ಟಿಗೆ ಐದು ಮಿಲಿಮೀಟರಿನ ಗಾಜು ಕೂರಿಸಿ, ಬೆಳಗಿನ ಐದಕ್ಕೆ ತೆಂಗಿನ ಮಟ್ಟೆ, ಕರಟ ಒಟ್ಟಿ ಹಚ್ಚಿದೆ. ಏಳು ನಿಮಿಷ ಸ್ಕಾಟ್ಲೆಂಡ್. ಎಂಟನೆಯ ನಿಮಿಷಕ್ಕೆ ‘ಫಟ್’ ಎಂದಿತು. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, “ಏನ್ರೀ, ಈಗಲೇ ದೀಪಾವಳಿಯೇ?” ಎಂದು ವಿಚಾರಿಸಿದರು.

ಮಗಳು ಫೋನಿನಲ್ಲಿ ತಲೆ ಚಚ್ಚಿಕೊಂಡಳು. “ಅಪ್ಪಾ, ಅದು ಕಿಟಕಿ ಗಾಜಲ್ಲ.” ಕಾದಾಗ ಸಾಮಾನ್ಯ ಗಾಜು ಹಿಗ್ಗುತ್ತದೆ. ನಡುಭಾಗ ಹಿಗ್ಗಿ, ಚೌಕಟ್ಟಿನೊಳಗಿನ ಅಂಚು ತಣ್ಣಗಿದ್ದರೆ ಅವೆರಡರ ಜಗಳದಲ್ಲಿ ಗಾಜು ಒಡೆಯುತ್ತದೆ. ಒಲೆಗೆ ಹಾಕುವುದು ಗಾಜು-ಸೆರಾಮಿಕ್. ಅದು ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಅದರ ಹುಟ್ಟಿನ ಕಥೆ ಓದಿ ನನಗೆ ಹೊಟ್ಟೆ ಉರಿಯಿತು. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಗಾಜಿನ ತುಂಡೊಂದನ್ನು 600 ಡಿಗ್ರಿಗೆ ಕಾಯಲು ಇಟ್ಟಿದ್ದರು. ಕುಲುಮೆ ಕೆಟ್ಟು 900ಕ್ಕೆ ಏರಿತು. ಕರಗಿ ನೀರಾಗಿರಬೇಕೆಂದು ತೆಗೆದರೆ ತುಂಡು ಹಾಲಿನಂತೆ ಬೆಳ್ಳಗಾಗಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು, ಆದರೆ ಒಡೆಯಲಿಲ್ಲ. ಅವರ ಎಡವಟ್ಟಿನಿಂದ ಲೋಕಕ್ಕೆ ಹೊಸ ವಸ್ತುವೊಂದು ಬಂತು. ನನ್ನ ಎಡವಟ್ಟಿನಿಂದ ಬಂದದ್ದು ಗುಡಿಸುವ ಕೆಲಸ.

ಊರಿಗೆ ಬರುತ್ತಿದ್ದ ಸ್ನೇಹಿತೆಯ ಕೈಯಲ್ಲಿ ಮಗಳು ನಿಜವಾದ ಒಲೆಗಾಜನ್ನು ಸ್ವೆಟರಿನಲ್ಲಿ ಸುತ್ತಿ ಕಳುಹಿಸಿದಳು. ಅದರ ಬೆಲೆಯನ್ನು ಹೆಂಡತಿಗೆ ಇನ್ನೂ ಹೇಳಿಲ್ಲ. ಸ್ವೆಟರಿನದೆಂದು ಒಂದು ಮೊತ್ತ ಹೇಳಿದ್ದೇನೆ.

ಈ ಗಾಜು ಒಡೆಯಲಿಲ್ಲ. ಅರ್ಧ ಗಂಟೆಯಲ್ಲಿ ಹೆಂಚಿನ ತಳದಂತೆ ಕಪ್ಪಾಯಿತು. ಸೌದೆ ಡಿಪೋದವನು ಕೊಟ್ಟದ್ದು ಹಸಿ ನೀಲಗಿರಿ. ತೂಕಕ್ಕೆ ಮಾರುವವನು ಸೌದೆಯನ್ನು ಏಕೆ ಒಣಗಿಸುತ್ತಾನೆ? ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ಒಲೆಗಳಿಗೆ ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿರಬೇಕಂತೆ. ಅಂದರೆ ನಾನು ದುಡ್ಡು ಕೊಟ್ಟು ನೀರು ತಂದು, ಆ ನೀರಿನಿಂದ ನೀರು ಕಾಯಿಸಲು ಹೊರಟಿದ್ದೆ. ಜೊತೆಗೆ ಅವರ ಒಲೆಯಲ್ಲಿ ಗಾಜಿನ ಮೇಲಂಚಿನಿಂದ ಕಾದ ಗಾಳಿ ತೆರೆಯಂತೆ ಇಳಿದು ಹೊಗೆಯನ್ನು ಗಾಜಿಗೆ ತಾಗಲು ಬಿಡುವುದಿಲ್ಲ. ನನ್ನ ಬಾಗಿಲಿನಲ್ಲಿ ಗಾಳಿ ಇಳಿಯಲು ಸೀಳೇ ಇರಲಿಲ್ಲ. ಉಸಿರುಕಟ್ಟಿದ ಒಲೆ ಹಂಡೆಯ ಸುತ್ತಲಿನ ಸಂದಿಯಿಂದ ಕೆಮ್ಮುತ್ತಿತ್ತು.

ವೆಲ್ಡರ್ ಸೀಳು ಕೊರೆದುಕೊಟ್ಟ. ಕಪ್ಪು ಮಾತ್ರ ಹೋಗಲೊಲ್ಲದು. ಸೋಪಿನ ಪುಡಿ, ಅಡಿಗೆ ಸೋಡಾ, ಕೊನೆಗೆ ಹೆಂಡತಿ ಅಡಗಿಸಿಟ್ಟಿದ್ದ ವಿದೇಶಿ ಸ್ಪ್ರೇ, ಎಲ್ಲವೂ ಸೋತವು. ಅಮ್ಮ ಇದನ್ನೆಲ್ಲ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಹಳೆಯ ದಿನಪತ್ರಿಕೆಯ ಹಾಳೆ ಒದ್ದೆ ಮಾಡಿ, ಒಲೆಯ ತಣ್ಣನೆಯ ನಯವಾದ ಬೂದಿಯಲ್ಲಿ ಅದ್ದಿ, ನಾಲ್ಕು ಸುತ್ತು ಉಜ್ಜಿದರು. ಗಾಜಿನಾಚೆ ಒಲೆಯ ಇಟ್ಟಿಗೆ ಕಂಡಿತು.

“ಲಾಟೀನಿನ ಬುರುಡೆಯನ್ನು ದಿನಾ ಸಂಜೆ ಇನ್ನು ಹೇಗೆ ತಿಕ್ಕುತ್ತಿದ್ದೆವು ಅಂದುಕೊಂಡೆ? ಬಿಸಿಯಿದ್ದಾಗ ಮಾತ್ರ ನೀರು ತಾಗಿಸಬಾರದು, ಫಟ್ ಅನ್ನುತ್ತದೆ” ಎಂದರು. ಮಗಳಿಗೆ ಹೇಳಿದರೆ, ಅವಳ ಒಲೆಯ ಜೊತೆ ಬಂದ ಪುಸ್ತಕದಲ್ಲೂ ಒದ್ದೆ ಕಾಗದ, ಬೂದಿ ಎಂದೇ ಬರೆದಿದೆಯಂತೆ. ಬೂದಿಯ ಕ್ಷಾರ ಮಸಿಯ ಜಿಡ್ಡನ್ನು ಬಿಡಿಸುತ್ತದೆ. ನಲವತ್ತು ವರ್ಷಗಳ ಹಿಂದೆ ಬೂದಿಯನ್ನು ತಿಪ್ಪೆಗೆ ಸುರಿದು ಡಬ್ಬಿಯ ಪುಡಿ ತಂದವನು ನಾನೇ. ಅಮ್ಮ ಅದನ್ನೂ ಮರೆತಿರಲಿಲ್ಲ.

ಈಗ ಒಣ ಸೌದೆ ಬಂದಿದೆ, ಗಾಜು ಹೊಳೆಯುತ್ತಿದೆ. ಮೊನ್ನೆ ಬೆಳಗ್ಗೆ ಮಣೆ ಹಾಕಿಕೊಂಡು, ಶಾಲು ಹೊದ್ದು, ಬೆಂಕಿಯ ಮುಂದೆ ಕುಳಿತೆ. ಅಮ್ಮನೂ ಬಂದು ಇನ್ನೊಂದು ಮಣೆ ಎಳೆದುಕೊಂಡರು. ಎರಡು ನಿಮಿಷ ಮಾತಿಲ್ಲ. ಗೆದ್ದೆ ಎಂದುಕೊಂಡೆ.

“ಎಡಗಡೆಯ ಕೊಳ್ಳಿ ಹತ್ತಿಲ್ಲ ನೋಡು, ಮುಂದಕ್ಕೆ ತಳ್ಳು” ಎಂದರು. ಬಾಗಿಲು ಗಾಜಿನದಲ್ಲದಿದ್ದರೆ ಅದು ಅವರಿಗೆ ಕಾಣುತ್ತಲೇ ಇರಲಿಲ್ಲ. ಬಾಗಿಲು ತೆರೆದು ತಳ್ಳಿದೆ. “ಅಷ್ಟಲ್ಲ, ಸ್ವಲ್ಪ ಹಿಂದಕ್ಕೆ.” ಮತ್ತೆ ತೆರೆದೆ. “ಆ ಕರಟ ಎತ್ತಿ ಮೇಲಿಡು.” ಆರನೆಯ ಸಲ ತೆರೆದಾಗ ಹೊಗೆಯೆಲ್ಲ ನನ್ನ ಮುಖಕ್ಕೇ ನುಗ್ಗಿತು. ಕಣ್ಣುಜ್ಜುತ್ತ ಕೈಚಾಚಿದೆ, ಅಮ್ಮ ಊದುಕೊಳವೆಯನ್ನು ಸೆರಗಿನ ಮರೆಯಲ್ಲಿ ಸಿದ್ಧವಾಗಿ ಇಟ್ಟುಕೊಂಡೇ ಬಂದಿದ್ದರು.