ಡ್ರಿಲ್ ಬೇಡ, ಗಾರ್ಡ್ ತೆಗೆಯಬೇಡಿ
ನಿಮ್ಮ ಲೇಖನದಲ್ಲಿ, ಮನೆಯಲ್ಲೇ ಕಟ್ಟಿದ ಸಿಎನ್‌ಸಿಗೆ (ಕಂಪ್ಯೂಟರ್ ಪ್ರೋಗ್ರಾಂ ಹೇಳಿದಂತೆ ಟೂಲನ್ನು ಓಡಿಸಿ ಕತ್ತರಿಸುವ ಮಷಿನ್‌ಗೆ) ಕ್ಲಾಂಪ್ ಹಾಕಿ ಯಾವ ಪವರ್ ಟೂಲ್ ಬೇಕಾದರೂ ಕೂರಿಸಬಹುದು, ಹ್ಯಾಂಡ್ ಡ್ರಿಲ್ ಆದರೂ ನಡೆಯುತ್ತದೆ ಅಂತ ಬರೆದಿದ್ದೀರಿ. ಟ್ರಿಮ್ ರೌಟರ್ (ಮರದ ಅಂಚು ಕೊರೆಯುವ ಚಿಕ್ಕ ಟೂಲ್) ಮಟ್ಟಿಗೆ ಒಪ್ಪುತ್ತೇನೆ. ಡ್ರಿಲ್ ಮಾತ್ರ ಖಂಡಿತ ಬೇಡ. ಅದನ್ನು ಮಾಡಿರುವುದು ನೇರ ಒತ್ತಲು. ಕಟರ್ ಅಡ್ಡಕ್ಕೆ ಓಡುವಾಗ ಬೀಳುವ ಪಕ್ಕದ ಒತ್ತಡವನ್ನು ಅದರ ಬೇರಿಂಗ್, ಬಿಟ್ ಹಿಡಿಯುವ ಚಕ್ ಎರಡೂ ತಾಳುವುದಿಲ್ಲ. ಬಿಟ್ ಸಡಿಲವಾಗುತ್ತದೆ. ವೇಗವೂ ಸಾಲದು. ಸಾಮಾನ್ಯ ಡ್ರಿಲ್ ನಿಮಿಷಕ್ಕೆ 3,000 ಸುತ್ತಿನ ಆಸುಪಾಸು, ಟ್ರಿಮ್ ರೌಟರ್ 30,000ದವರೆಗೆ ಹೋಗುತ್ತದೆ.

ನನಗೆ ಭಯ ಹುಟ್ಟಿಸಿದ್ದು ಆಂಗಲ್ ಗ್ರೈಂಡರ್ ಫೋಟೋ. ಡಿಸ್ಕ್ ಮುಚ್ಚುವ ಗಾರ್ಡ್ ಬಿಚ್ಚಿ ಕೂರಿಸಿದ್ದೀರಿ! 4 ಇಂಚಿನ ಡಿಸ್ಕ್ ನಿಮಿಷಕ್ಕೆ 11,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ 200 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಕಟಿಂಗ್ ಡಿಸ್ಕ್ ನೇರ ಗೆರೆಗೆ ಮಾತ್ರ. ಪ್ರೋಗ್ರಾಂ ಸ್ವಲ್ಪ ತಿರುವು ಕೊಟ್ಟರೂ ಡಿಸ್ಕ್ ಸಿಕ್ಕಿಕೊಂಡು ಚೂರಾಗಬಹುದು. ಕೈಯಲ್ಲಿ ಹಿಡಿದವರಿಗೆ ಅದು ಕಚ್ಚುವುದು ಗೊತ್ತಾಗುತ್ತದೆ, ಮಷಿನ್ ಓಡಿಸುವ ಸ್ಟೆಪರ್ ಮೋಟರ್‌ಗೆ ಏನು ಗೊತ್ತಾಗುತ್ತದೆ? ಅದು ತಳ್ಳುತ್ತಲೇ ಇರುತ್ತದೆ.

ಇನ್ನೊಂದು ವಿಷಯ ನೀವು ಬರೆಯಲೇ ಇಲ್ಲ. ಟೂಲಿನ ಪ್ಲಗ್ ಗೋಡೆಯ ಸಾಕೆಟ್‌ನಲ್ಲಿದ್ದರೆ, ಎಮರ್ಜೆನ್ಸಿ ಬಟನ್ ಒತ್ತಿದಾಗ ಮಷಿನ್ ನಿಲ್ಲುತ್ತದೆ, ಟೂಲ್ ತಿರುಗುತ್ತಲೇ ಇರುತ್ತದೆ. ಟೂಲಿನ ಕರೆಂಟೂ ಅದೇ ಬಟನ್ನಿನಿಂದ ಕಡಿತವಾಗುವಂತೆ ನಡುವೆ ಕಾಂಟ್ಯಾಕ್ಟರ್ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಹಾಕಿಸಿ. ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಯಾವ ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್ನರನ್ನು ಕೇಳಿದರೂ ಮಾಡಿಕೊಡುತ್ತಾರೆ. ಕಾಲೇಜು ಹುಡುಗರು ಇದನ್ನು ಓದಿ ಹಾಗೇ ಕಟ್ಟುತ್ತಾರೆ ಅಲ್ವಾ? ದಯವಿಟ್ಟು ಆ ಫೋಟೋ ಬದಲಿಸಿ.