ಪಚಿಂಕೋ ಚಂದ ಕಾಣೋದು ಹಳೇ ಸಿನಿಮಾದಲ್ಲೇ

ಒಸಾಕಾದಲ್ಲಿ ಇರುವ ನನಗೆ ಊರಿನ ಸಿನಿಮಾ ಹುಚ್ಚಿನ ಗೆಳೆಯರಿಂದ ಒಂದು ಪ್ರಶ್ನೆ ಬರುತ್ತಲೇ ಇರುತ್ತದೆ. ಜಪಾನಿನ ಹಳೇ ಕಪ್ಪು ಬಿಳುಪು ಸಿನಿಮಾಗಳಲ್ಲಿ ಜನ ಸಾಲಾಗಿ ಕೂತು ಆಡ್ತಾರಲ್ಲ, ಗಾಜಿನ ಹಿಂದೆ ಮೊಳೆಗಳ ನಡುವೆ ಗುಂಡು ಉರುಳುತ್ತಲ್ಲ, ಅದು ಈಗಲೂ ಇದೆಯಾ? ಪಚಿಂಕೋ ಇದೆ, ಬೇಕಾದಷ್ಟಿದೆ. ಆದರೆ ನೀವು ಸಿನಿಮಾದಲ್ಲಿ ನೋಡಿದ ಆಟ ಅದಲ್ಲ.

ಆಗ ಅದು ಕೈಯ ಆಟ. 11 ಮಿಲಿಮೀಟರ್ ದಪ್ಪದ ಉಕ್ಕಿನ ಗುಂಡನ್ನು ಒಂದೊಂದಾಗಿ ತೂತಿಗೆ ಹಾಕಬೇಕು, ಹೆಬ್ಬೆರಳಲ್ಲಿ ಲಿವರ್ ಒತ್ತಿ ಚಿಮ್ಮಿಸಬೇಕು. ಎಷ್ಟು ಜೋರಾಗಿ ಅನ್ನೋದು ನಿಮ್ಮ ಲೆಕ್ಕ, ಆಮೇಲೆ ಎಲ್ಲ ಮೊಳೆಗಳ ಲೆಕ್ಕ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಗೋಯಾ ಊರಿನ ಮಸಮುರ ತಕೆಇಚಿ ಎಂಬಾತ ಮೊಳೆಗಳನ್ನು ಜೋಡಿಸುವ ಹೊಸ ರೀತಿ ತಂದ, ಗುಂಡು ಬೀಳುವ ದಾರಿಯೇ ರಂಗೇರಿತು. ಯಂತ್ರದ ಹಿಂದೆ ಇಕ್ಕಟ್ಟಿನ ಜಾಗದಲ್ಲಿ ಗುಂಡು ತುಂಬಿಸುವ ಕೆಲಸದವರು ಓಡಾಡುತ್ತಿದ್ದರು, ಗುಂಡು ಸಿಕ್ಕಿಕೊಂಡರೆ ಕರೆದು ಹೇಳಬೇಕಿತ್ತು. ಸರಿಯಾದ ತೂತಿಗೆ ಬಿದ್ದರೆ ಇನ್ನಷ್ಟು ಗುಂಡು, ಗೆದ್ದ ಗುಂಡುಗಳಿಗೆ ಬದಲಾಗಿ ಸಿಗರೇಟು, ಕ್ಯಾರಮೆಲ್, ಸೋಪು. ನಮ್ಮ ಜಾತ್ರೆಯಲ್ಲಿ ರಿಂಗ್ ಎಸೆದು ಸೋಪು, ಬಿಸ್ಕತ್ತು ಗೆಲ್ಲೋದಿಲ್ವಾ, ಸುಮಾರಾಗಿ ಅದೇ ಖುಷಿ. ಆದರೆ ಎಲ್ಲದಕ್ಕೂ ಬರ ಇದ್ದ ಆ ಕಾಲದ ಜಪಾನಿನಲ್ಲಿ ಒಂದು ಪ್ಯಾಕ್ ಸಿಗರೇಟು ಸಣ್ಣ ಬಹುಮಾನ ಆಗಿರಲಿಲ್ಲ.

ಜಪಾನಿನ ನಿರ್ದೇಶಕ ಒಝು ಯಾಸುಜಿರೋ 1952ರಲ್ಲಿ ಮಾಡಿದ ‘ಒಚಾಝುಕೆ ನೋ ಅಜಿ’ ಸಿನಿಮಾದಲ್ಲಿ ಇಂಥ ಒಂದು ಪಚಿಂಕೋ ಅಂಗಡಿ ಬರುತ್ತದೆ. ಅಂಗಡಿಯವನ ಪಾತ್ರ ನಟ ರ್‍ಯೂ ಚಿಶೂ ಅವರದು. ಆಡಲು ಬಂದವನು ನೋಡಿದರೆ ಸೈನ್ಯದಲ್ಲಿ ಜೊತೆಗಿದ್ದವನು. ಇಬ್ಬರೂ ಕೂತು ಸಿಂಗಾಪುರದ ದಿನಗಳನ್ನು ನೆನೆಯುತ್ತಾರೆ, ಅಂಗಡಿಯವನು ಹಾಡುತ್ತಾನೆ. ಇಂಥದ್ದೆಲ್ಲ ಜನಕ್ಕೆ ಹಿಡಿಸಿರೋದು ಒಳ್ಳೇದಲ್ಲ ಅಂತ ಹೇಳೋದೂ ಅವನೇ! ನನಗೆ ಈ ದೃಶ್ಯ ತುಂಬಾ ಇಷ್ಟ. ನಮ್ಮ ಹಳೇ ಸಿನಿಮಾಗಳಲ್ಲಿ ಜೂಜು ಅಂದರೆ ಹೊಗೆ, ಇಸ್ಪೀಟು, ಖಳನಾಯಕನ ಅಡ್ಡೆ, ಹೆಂಡತಿಯ ತಾಳಿ ಅಡವು, ಅಷ್ಟೇ. ಅಂಗಡಿ ನಡೆಸುವವನೂ ಮರ್ಯಾದಸ್ಥ ಆಗಿರಬಹುದು, ತನ್ನ ವ್ಯಾಪಾರದ ಬಗ್ಗೆ ಅವನಿಗೇ ಬೇಸರ ಇರಬಹುದು ಅಂತ ತೋರಿಸಿದ್ದು ನನಗಂತೂ ನೆನಪಿಲ್ಲ. ಬೈಯೋದು ಸುಲಭ, ಅಲ್ವಾ?

ಒಝು ಅಭಿಮಾನಿಯಾದ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಆತನ ಟೋಕಿಯೋವನ್ನು ಹುಡುಕಿಕೊಂಡು 1983ರಲ್ಲಿ ಬಂದು ‘ಟೋಕಿಯೋ-ಗಾ’ ಎಂಬ ಸಾಕ್ಷ್ಯಚಿತ್ರ ಮಾಡಿದ. ಅದರಲ್ಲಿ ಅಂಗಡಿ ಮುಚ್ಚಿದ ಮೇಲೆ ಒಬ್ಬ ಸುತ್ತಿಗೆ ಹಿಡಿದು ಬಂದು ಒಂದೊಂದೇ ಮೊಳೆಯನ್ನು ಕೂದಲೆಳೆಯಷ್ಟು ಬಗ್ಗಿಸುತ್ತಾನೆ. ನಿನ್ನೆ ಗೆಲ್ಲಿಸಿದ ಯಂತ್ರ ಇವತ್ತು ಗೆಲ್ಲಿಸದಿರಲಿ ಅಂತ. ಕೈಚಳಕ ಆಡುವವನದು ಮಾತ್ರ ಅಲ್ಲ, ಮಾಲೀಕನದೂ ಹೌದು ಅನ್ನೋದು ಅಲ್ಲಿ ಗೊತ್ತಾಗುತ್ತದೆ.

ಆ ಹೊತ್ತಿಗಾಗಲೇ ಆಟ ಬದಲಾಗಿತ್ತು. 1970ರ ದಶಕದಲ್ಲಿ ಲಿವರ್ ಹೋಗಿ ಕರೆಂಟಿನ ಹಿಡಿ ಬಂತು, ತಿರುಗಿಸಿ ಹಿಡಿದರೆ ಸಾಕು, ಗುಂಡು ತಾನೇ ಹಾರುತ್ತದೆ. 1980ರಲ್ಲಿ ‘ಫೀವರ್’ ಯಂತ್ರ ಬಂದ ಮೇಲೆ ಯಂತ್ರದಲ್ಲಿ ತಿರುಗುವ ಅಂಕಿಗಳಲ್ಲಿ ಮೂರು ಏಳು ಒಟ್ಟಿಗೆ ಬಂದರೆ ಗುಂಡಿನ ಮಳೆ. ಈಗ ಬಾಗಿಲು ತೆರೆದರೆ ಕಿವಿ ಗುಂಯ್ ಅನ್ನುತ್ತದೆ, ಒಳಗೆ ಯಾರೂ ಯಾರ ಜೊತೆಗೂ ಮಾತಾಡೋದಿಲ್ಲ.

ದುಡ್ಡಿನ ವಿಷಯ ಇನ್ನೂ ಮಜಾ. ಜಪಾನಿನಲ್ಲಿ ಜೂಜು ಅಪರಾಧ, ಪಚಿಂಕೋ ಅಂಗಡಿ ಗೆದ್ದವರಿಗೆ ದುಡ್ಡು ಕೊಡುವ ಹಾಗಿಲ್ಲ. ಹಾಗಾಗಿ ಗುಂಡಿಗೆ ಬದಲಾಗಿ ಪುಟ್ಟ ಬಹುಮಾನ ಕೊಡುತ್ತಾರೆ, ಅದನ್ನು ಪಕ್ಕದ ಸಣ್ಣ ಕಿಟಕಿಯಲ್ಲಿ ಕೊಟ್ಟರೆ ನೋಟು ಬರುತ್ತದೆ. ಅದು ಬೇರೆ ವ್ಯಾಪಾರ ಅಂತೆ! ಕರ್ನಾಟಕದಲ್ಲಿ ಹೀಗಲ್ಲ. 2007ರಲ್ಲಿ ಲಾಟರಿ ನಿಲ್ಲಿಸಿದರು ಅಂದರೆ ನಿಲ್ಲಿಸಿದರು. ಮಟ್ಕಾ ಮಾತ್ರ ಸಂದಿಯಲ್ಲಿ ನಡೆದೇ ಇತ್ತು, ಅದು ಬೇರೆ ಮಾತು. ಇಲ್ಲಿಯ ನಾಟಕ ನೋಡಿ ನಗು ಬಂದರೂ, ಸಾಲ ಮಾಡಿ ಆಡುವವರು ಇಲ್ಲೂ ಇದ್ದಾರೆ. ನನ್ನ ಓಟು ನಮ್ಮ ಕಡೆಯ ಖಡಕ್ ‘ಬೇಡ’ಕ್ಕೇ.

ಹಳೇ ಸಿನಿಮಾದ ರುಚಿ ಬೇಕಾದವರು ಪಚಿಂಕೋಗೆ ಹೋಗಬೇಡಿ, ಸ್ಮಾರ್ಟ್ ಬಾಲ್ ಎಂಬ ಆಟ ಹುಡುಕಿ. ಒಸಾಕಾದ ಶಿನ್‌ಸೆಕಾಯ್ ಬಡಾವಣೆಯಲ್ಲಿ, ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಮೇಜಿನ ಹಾಗೆ ಮಲಗಿಸಿದ ಹಲಗೆ, ದೊಡ್ಡ ಗಾಜಿನ ಗುಂಡು, ಎಳೆದು ಬಿಡುವ ಹಿಡಿ. 5 ಅಥವಾ 15 ಅಂತ ಬರೆದ ತೂತಿಗೆ ಬಿದ್ದರೆ ಅಷ್ಟು ಗುಂಡು ಗಡಗಡ ಉರುಳಿ ಬರುತ್ತವೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.